ನಾವು ಸಿಮ್ಯುಲೇಶನ್ನಿನೊಳಗಿದ್ದರೆ ಯೇಸುವಿನ ಕತೆ ಏನಾಗುತ್ತೆ?

ಕರಾವಳಿ_ಕೋಡರ್:
ಜಗಳಕ್ಕಲ್ಲ, ನಿಜವಾಗಿ ಕೇಳ್ತಿದ್ದೇನೆ. ನಾನು ಮಂಗಳೂರು ಕಡೆಯ ಕ್ಯಾಥೊಲಿಕ್, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಊಟದ ಹೊತ್ತಿಗೆ ಸಿಮ್ಯುಲೇಶನ್ ವಿಷಯ (ನಮ್ಮ ಜಗತ್ತೇ ಯಾರದ್ದೋ ಕಂಪ್ಯೂಟರಿನಲ್ಲಿ ಓಡ್ತಿರೋ ಪ್ರೋಗ್ರಾಮ್ ಅನ್ನೋ ವಾದ) ಬಂದರೆ ಸಹೋದ್ಯೋಗಿಗಳದ್ದು ಒಂದೇ ಮಾತು: "ನಿಮಗೇನು ಕಷ್ಟ? ನಿಮ್ಮ ಧರ್ಮ ಮೊದಲಿಂದ ಹೇಳ್ತಿರೋದೇ ಇದು. ಹೊರಗೊಬ್ಬ ಕೂತು ಜಗತ್ತು ಮಾಡಿದ, ನಿಯಮ ಬರೆದ, ಬೇಕಾದಾಗ ಕೈ ಹಾಕ್ತಾನೆ, ಕೊನೆಗೆ ಲೆಕ್ಕ ನೋಡ್ತಾನೆ." ಕೇಳುವಾಗ ಸರಿ ಅನಿಸುತ್ತೆ. ಭಾನುವಾರ ಪೂಜೆಯಲ್ಲಿ ವಿಶ್ವಾಸ ಪ್ರಮಾಣ (ನಮ್ಮ ನಂಬಿಕೆಯ ಸಾರವನ್ನು ಎಲ್ಲರೂ ಒಟ್ಟಿಗೆ ಹೇಳೋದು) ಹೇಳುವಾಗ ಮಾತ್ರ ಇದು ಅದಲ್ಲ ಅನಿಸುತ್ತೆ. ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸೋಕೆ ಆಗ್ತಿಲ್ಲ.

ಗೊತ್ತಿಲ್ಲದವರಿಗೆ ಚುಟುಕಾಗಿ: 2003ರಲ್ಲಿ ತತ್ವಶಾಸ್ತ್ರಜ್ಞ ನಿಕ್ ಬಾಸ್ಟ್ರಮ್ ಒಂದು ಲೇಖನ ಬರೆದರು. ಮೂರರಲ್ಲಿ ಒಂದು ನಿಜ ಇರಲೇಬೇಕು ಅಂತ ಅವರ ವಾದ. ಒಂದೋ, ನಮ್ಮಂಥ ನಾಗರಿಕತೆಗಳು ಅಷ್ಟು ದೊಡ್ಡ ಕಂಪ್ಯೂಟರ್ ಕಟ್ಟುವ ಮೊದಲೇ ನಾಶವಾಗುತ್ತವೆ. ಇಲ್ಲಾ, ಕಟ್ಟಿದರೂ ತಮ್ಮ ಪೂರ್ವಜರ ಬದುಕನ್ನು ಸಿಮ್ಯುಲೇಟ್ ಮಾಡುವ ಗೋಜಿಗೆ ಹೋಗುವುದಿಲ್ಲ. ಎರಡೂ ಅಲ್ಲ ಅಂದರೆ ನಾವೇ ಅಂಥದ್ದೊಂದರ ಒಳಗಿರುವುದು ಹೆಚ್ಚುಕಡಿಮೆ ಖಚಿತ.

ಈ ಮೂರನೆಯದನ್ನು ಒಪ್ಪಿದವನು ಕ್ರೈಸ್ತನಾಗಿಯೇ ಉಳಿಯಬಹುದಾ?

ಸುಮ್ನೆ_ಓದುಗ:
ಸರ್ವರ್ ರೀಸ್ಟಾರ್ಟ್ ಆದ್ರೆ ಮನೆ ಸಾಲ ಕ್ಲಿಯರ್ ಆಗುತ್ತಾ? ಅದೊಂದು ಹೇಳಿ ಸಾಕು.

ಹುಬ್ಬಳ್ಳಿ_ಅಕ್ಕ:
ಇದ್ರಾಗ ತೊಂದ್ರಿ ಏನೈತ್ರಿ? ಆದಿಕಾಂಡದ ಮೊದಲ್ನೇ ಅಧ್ಯಾಯದಾಗ ದೇವರು ಕೈಯಾಗ ಮಣ್ಣು ಹಿಡಿಯೂಕಿಂತ ಮೊದಲ ಬರೇ ಮಾತಿನಿಂದ ಬೆಳಕು ಮಾಡ್ತಾನ. ಇಬ್ರಿಯರಿಗೆ ಬರದ ಪತ್ರ 11:3 ತಗದ್ ನೋಡ್ರಿ, ಕಾಣೂದು ಕಾಣದ್ದರಿಂದ ಬಂತು ಅಂತೈತಿ. ನಮ್ಮ ಸಭೆಯ ಯೌವನಸ್ಥರ ಕೂಟದಾಗ ಹಿಂಗ ಹೇಳಿದ್ರ ಹುಡುಗ್ರು ಮೊಬೈಲ್ ಕೆಳಗಿಟ್ಟು ಕೇಳ್ತಾರ. ವಿಜ್ಞಾನನ ನಮ್ಮ ಹಾದಿಗೆ ಬರಾಕತ್ತೈತಿ ಅಂದ್ರ ನಾವ್ಯಾಕ ಬಾಗಿಲು ಹಾಕೂದು?

ನಿರೀಶ್ವರ:
ಅಕ್ಕಾ, ಹಾಗೆ ಒಪ್ಪಿಕೊಂಡ್ರೆ ನಿಮ್ಮ ದೇವರು ಎಲ್ಲೋ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಆಗಿರಬಹುದು. ನಾವು ಅವನ ಪ್ರಬಂಧದ ಮೂರನೇ ಅಧ್ಯಾಯ. ಅನುದಾನ ನಿಂತ ದಿನ ಜಗದಂತ್ಯ. ಮಾರ್ಗದರ್ಶಕರು ಬೈದ ದಿನ ಪ್ರಳಯ. ಅವನಿಗೆ ಮೊಣಕಾಲೂರ್ತೀರಾ?

ಪಾದ್ರಿಯಲ್ಲ:
ಹೆಸರೇ ಹೇಳುವಂತೆ ನಾನು ಪಾದ್ರಿಯಲ್ಲ, ಒಂದು ಕಾಲಕ್ಕೆ ಆಗಲು ಹೊರಟು ಸ್ವಲ್ಪ ದೇವಶಾಸ್ತ್ರ ಓದಿದವನು. ನಿರೀಶ್ವರರು ಹಾಸ್ಯಕ್ಕೆ ಹೇಳಿದ್ದರಲ್ಲೇ ಕೋಡರ್ ಹುಡುಕುತ್ತಿರುವ ಉತ್ತರದ ಅರ್ಧ ಇದೆ.

ಸಿಮ್ಯುಲೇಶನ್ ಓಡಿಸುವವನು ಎಷ್ಟೇ ಬಲಶಾಲಿಯಾದರೂ ಒಂದು ಜಗತ್ತಿನೊಳಗಿನ ಪ್ರಾಣಿ. ಅವನಿಗೆ ಕಾಲ ಇದೆ, ವಿದ್ಯುತ್ ಬೇಕು, ಅವನ ಹಾರ್ಡ್‌ವೇರ್ ಬಿಸಿಯಾಗುತ್ತದೆ. ಅವನು ಮೇಲ್ಮಹಡಿಯ ಬಾಡಿಗೆದಾರ, ನಾವು ಕೆಳಮಹಡಿಯವರು. ಬಾಸ್ಟ್ರಮ್ ಇದನ್ನು ಅದೇ ಲೇಖನದಲ್ಲಿ ಬರೆದಿದ್ದಾರೆ: ಓಡಿಸುವವರು ನಮ್ಮ ಪಾಲಿಗೆ ಒಂದು ರೀತಿಯ ದೇವರುಗಳಂತೆ, ಆದರೆ ಅವರೂ ಸಿಮ್ಯುಲೇಶನ್ನಿನೊಳಗೇ ಇದ್ದರೆ ಅವರನ್ನು ಶಿಕ್ಷಿಸಲು ಇನ್ನೊಬ್ಬರಿರಬಹುದು.

ಮಧ್ಯಯುಗದ ಕ್ರೈಸ್ತ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಹೇಳುವ ದೇವರು ಎಲ್ಲರಿಗಿಂತ ಮೇಲಿನ ಮಹಡಿಯವನಲ್ಲ. 'ಇರುವ ವಸ್ತುಗಳ' ಪಟ್ಟಿಯಲ್ಲಿ ಅವನೂ ಒಂದು ಅಲ್ಲ. ಯಾವ ಮಹಡಿಯಾದರೂ ಇರುವುದೇ ಅವನಿಂದ. ಅಪೊಸ್ತಲ ಪೌಲ ಅಥೆನ್ಸಿನ ಅರಿಯೊಪಾಗ ಎಂಬ ಸಭಾಸ್ಥಳದಲ್ಲಿ ಹೇಳಿದ್ದೂ ಇದೇ, ಅವನಲ್ಲೇ ನಾವು ಬದುಕುತ್ತೇವೆ, ಚಲಿಸುತ್ತೇವೆ, ಇದ್ದೇವೆ ಅಂತ (ಅಪೊಸ್ತಲರ ಕೃತ್ಯಗಳು 17:28). ಆದ್ದರಿಂದ ನಿಮ್ಮ ಸಹೋದ್ಯೋಗಿಗಳು ಹೇಳುವ 'ಹೊರಗೆ ಕೂತವನು' ಕ್ರೈಸ್ತರ ದೇವರೇ ಅಲ್ಲ. ನಡುವೆ ಒಬ್ಬ ಪ್ರೋಗ್ರಾಮರ್ ಬಂದರೂ ಅವನೂ ನಮ್ಮಂತೆ ಸೃಷ್ಟಿಯೇ, ಅವನೂ ಮೊಣಕಾಲೂರಬೇಕಾದವನೇ.

ಮಲ್ನಾಡ್_ಮಳೆ:
ತುಂಬಾ ತಲೆ ಕೆಡಿಸ್ಕೋತಿದ್ದೀರಿ. ಸಿಮ್ಯುಲೇಶನ್ ಅನ್ನೋದು ಈಗ ಸಾಬೀತಾದ ಹಾಗೇ. ಭೌತಶಾಸ್ತ್ರದಲ್ಲಿ ಬರೋ ಅತಿ ಚಿಕ್ಕ ಅಳತೆ ಪ್ಲಾಂಕ್ ಉದ್ದ ಅಂದ್ರೆ ಪಿಕ್ಸೆಲ್, ಬೆಳಕಿನ ವೇಗ ಅಂದ್ರೆ ಪ್ರೊಸೆಸರ್ ಮಿತಿ. ನೋಡೋವರೆಗೂ ಎಲೆಕ್ಟ್ರಾನ್ ರೆಂಡರ್ ಆಗಲ್ಲ. ಬಾಸ್ಟ್ರಮ್ಮೇ ಹೇಳಿದ್ದಾರಲ್ಲ, ನಾವು ಅಸಲಿ ಜಗತ್ತಲ್ಲಿರೋ ಸಾಧ್ಯತೆ ಶತಕೋಟಿಗಳಲ್ಲಿ ಒಂದು ಅಂತ.

ನಿರೀಶ್ವರ:
ಅದನ್ನ ಹೇಳಿದ್ದು 2016ರಲ್ಲಿ ಇಲಾನ್ ಮಸ್ಕ್, ಒಂದು ಸಮ್ಮೇಳನದ ವೇದಿಕೆ ಮೇಲೆ. ಬಾಸ್ಟ್ರಮ್ ಮೂರರಲ್ಲಿ ಯಾವುದು ಅಂತ ತೀರ್ಪು ಕೊಟ್ಟಿಲ್ಲ. ಕೋಡರ್ ಮೇಲೆ ಬರೆದಿರೋದನ್ನ ಓದಿ.

ಭೌತಶಾಸ್ತ್ರ_ಮೇಷ್ಟ್ರು:
ಪ್ಲಾಂಕ್ ಉದ್ದ ಪಿಕ್ಸೆಲ್ ಅಲ್ಲ. ಅದಕ್ಕಿಂತ ಚಿಕ್ಕ ಅಳತೆಗೆ ನಮ್ಮ ಈಗಿನ ಸಿದ್ಧಾಂತಗಳು ಕೈಕೊಡುತ್ತವೆ, ಅಷ್ಟೇ. ಸ್ಥಳವೇ (ಸ್ಪೇಸ್) ಚೌಕುಳಿಯಾಗಿದೆ ಅಂತ ಯಾರೂ ತೋರಿಸಿಲ್ಲ. ಹಾಗೆ ಇದ್ದರೆ ಏನು ಕಾಣಬೇಕು ಅಂತ 2012ರಲ್ಲಿ ಬೀನ್, ದಾವೂದಿ, ಸ್ಯಾವೇಜ್ ಅನ್ನುವ ಭೌತವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಜಗತ್ತು ಜಾಲರಿಯ ಮೇಲೆ ಓಡುತ್ತಿದ್ದರೆ ಅತಿ ಹೆಚ್ಚು ಶಕ್ತಿಯ ಕಾಸ್ಮಿಕ್ ಕಿರಣಗಳು ಎಲ್ಲ ದಿಕ್ಕಿನಲ್ಲೂ ಒಂದೇ ಥರ ಬರದೆ, ಜಾಲರಿಯ ಅಕ್ಷಗಳ ಗುರುತು ತೋರಿಸಬಹುದು ಅಂತ. ಅಂಥ ಗುರುತು ಸಿಕ್ಕಿದ್ದರೆ ನಾನು ಇಲ್ಲಿ ಕಾಮೆಂಟ್ ಬರೆಯುತ್ತಾ ಕೂರುತ್ತಿರಲಿಲ್ಲ.

ಇನ್ನೊಂದು ಕಡೆಯ ಗಾಳಿಮಾತೂ ಬೇಡ. 2017ರಲ್ಲಿ ರಿಂಗೆಲ್ ಮತ್ತು ಕೊವ್ರಿಜಿನ್ ಅವರ ಪ್ರಬಂಧ ಬಂದಾಗ "ಸಿಮ್ಯುಲೇಶನ್ ಅಸಾಧ್ಯ, ವಿಜ್ಞಾನಿಗಳ ಘೋಷಣೆ" ಅಂತ ಸುದ್ದಿ ಹರಡಿತು. ಅವರು ತೋರಿಸಿದ್ದು, ಕೆಲವು ಕ್ವಾಂಟಮ್ ವ್ಯವಸ್ಥೆಗಳನ್ನು ಒಂದು ನಿರ್ದಿಷ್ಟ ವಿಧಾನದಿಂದ ಮಾಮೂಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಹೊರಟರೆ, ಕಣಗಳು ಹೆಚ್ಚಾದಂತೆ ಖರ್ಚು ಎರ್ರಾಬಿರ್ರಿ ಏರುತ್ತದೆ ಅಂತ. ಮೇಲಿನ ಜಗತ್ತಿನ ಕಂಪ್ಯೂಟರ್ ನಮ್ಮದರಂತೆಯೇ ಇರಬೇಕು ಅಂತ ಯಾರು ಹೇಳಿದರು?

ಮಲ್ನಾಡ್_ಮಳೆ:
ಮೇಷ್ಟ್ರೇ, ಇಲ್ಲ ಅಂತಾನೂ ಸಾಬೀತಾಗಿಲ್ಲ ಅಂದ್ರಲ್ಲ, ನನಗೆ ಅಷ್ಟು ಸಾಕು 😄

ರಥಬೀದಿ:
ಉಡುಪಿಯವನು, ಕ್ರೈಸ್ತನಲ್ಲ, ನಡುವೆ ಬಾಯಿ ಹಾಕುತ್ತೇನೆ, ಬೇಸರ ಬೇಡ ಮಾರಾಯ್ರೆ. ಈ ಸುದ್ದಿ ಬಂದ ಕೂಡಲೇ ನಮ್ಮವರೆಲ್ಲ "ಇದು ಮಾಯಾವಾದ, ಶಂಕರರು ಆಗಲೇ ಹೇಳಿದ್ದರು" ಅಂತ ಶುರು ಮಾಡ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಪಾದ್ರಿಯಲ್ಲ ಅವರು ಹೇಳಿದ್ದು ಹೆಚ್ಚು ಹತ್ತಿರ ಇರುವುದು ಮಧ್ವಾಚಾರ್ಯರಿಗೆ. ಜಗತ್ತು ಸತ್ಯ, ಆದರೆ ಪರತಂತ್ರ. ಹರಿಯೊಬ್ಬನೇ ಸ್ವತಂತ್ರ. ಯಾವುದನ್ನೋ ಅವಲಂಬಿಸಿ ನಿಂತಿದೆ ಎಂಬ ಕಾರಣಕ್ಕೆ ಒಂದು ವಸ್ತು ಸುಳ್ಳಾಗುವುದಿಲ್ಲ. ಸಿಮ್ಯುಲೇಶನ್ನಿನೊಳಗಿನ ಹಲ್ಲುನೋವು ಹಲ್ಲುನೋವೇ ಅಲ್ವಾ? ಕ್ರೈಸ್ತರಿಗೂ ಇಷ್ಟು ಸಾಕಲ್ಲ?

ಪಾದ್ರಿಯಲ್ಲ:
ರಥಬೀದಿ, ಅರ್ಧ ದಾರಿ ಒಟ್ಟಿಗೆ ಬರಬಹುದು. ಆದರೆ ಮಧ್ವರಲ್ಲಿ ಪ್ರಕೃತಿ ಅನಾದಿ ಅಲ್ಲವೇ? ದೇವರು ನಿಮಿತ್ತ ಕಾರಣ (ಕುಂಬಾರನಂತೆ), ಉಪಾದಾನ (ಮಣ್ಣಿನಂಥ ಮೂಲವಸ್ತು) ಮೊದಲೇ ಇದೆ. ಕ್ರೈಸ್ತರು 'ಏನೂ ಇಲ್ಲದಲ್ಲಿಂದ' ಎಂದು ಪಟ್ಟು ಹಿಡಿಯುತ್ತಾರೆ. 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಅದನ್ನು ಬಾಯಿಬಿಟ್ಟು ಹೇಳಿತು. ಸಿಮ್ಯುಲೇಶನ್ ಓಡಿಸುವವನಿಗೆ ಚಿಪ್ಪು ಬೇಕು, ಕರೆಂಟು ಬೇಕು, ಮೊದಲೇ ಇರುವ ಗಣಿತ ಬೇಕು. ಅವನು ಮೊದಲೇ ಇರುವ ವಸ್ತುವಿಗೆ ರೂಪ ಕೊಡುವ, ಪ್ಲೇಟೋನ ಕುಶಲಕರ್ಮಿ ದೇವರಿಗೆ ಹತ್ತಿರ, ನಮ್ಮ ಸೃಷ್ಟಿಕರ್ತನಿಗೆ ಅಲ್ಲ.

ರಥಬೀದಿ:
ಪ್ರಕೃತಿ ಅನಾದಿಯಾದರೂ ಅದೂ ಹರಿಯ ಅಧೀನವೇ. "ಮೊದಲೇ ಇದೆ" ಅಂದರೆ ಅವನಿಗೆ ಹೊರತಾಗಿ ಇದೆ ಅಂತ ಅಲ್ಲ. ಇದನ್ನು ಬೇರೆ ಎಳೆಯಲ್ಲಿ ಮಾತಾಡೋಣ, ಇಲ್ಲಿ ಹಿಡಿದರೆ ಮುಗಿಯಲಿಕ್ಕಿಲ್ಲ.

ಕರಾವಳಿ_ಕೋಡರ್:
ಸರಿ, ನನಗೆ ಅರ್ಥ ಆದದ್ದು ಇಷ್ಟು: ಪ್ರೋಗ್ರಾಮರ್ ದೇವರಲ್ಲ, ಆದ್ದರಿಂದ ಅವನಿದ್ದರೂ ದೇವರಿಗೆ ಧಕ್ಕೆ ಇಲ್ಲ. ಹಾಗಾದ್ರೆ ಉತ್ತರ "ಒಪ್ಪಬಹುದು" ಅಂತಾಯ್ತಲ್ಲ? ಆದ್ರೂ ನನಗೆ ಸಮಾಧಾನ ಇಲ್ಲ. ತಂದೆಯಾದ ದೇವರ ವಿಷಯ ಸರಿಹೋಯ್ತು. ಮಗನ ವಿಷಯ? ಗೇಮ್ ಮಾಡಿದವನೇ ಒಂದು ಕ್ಯಾರೆಕ್ಟರ್ ತಗೊಂಡು ಒಳಗೆ ಬಂದ ಹಾಗೆ ಅಂತ ಆಫೀಸಲ್ಲಿ ಹೇಳ್ತಾರೆ.

ಪಾದ್ರಿಯಲ್ಲ:
ಆ ಹೋಲಿಕೆಯನ್ನು ದಯವಿಟ್ಟು ಎಲ್ಲೂ ಬಳಸಬೇಡಿ. ಅದು ಹಳೆಯ ರೋಗ, ಡೋಸೆಟಿಸಮ್. ಕ್ರಿಸ್ತನಿಗೆ ದೇಹ ಇದ್ದಂತೆ ಕಂಡಿತು, ನಿಜವಾಗಿ ಇರಲಿಲ್ಲ, ಶಿಲುಬೆಯ ಮೇಲೆ ನೋವು ಆದಂತೆ ತೋರಿತು ಅಷ್ಟೇ ಅನ್ನುವ ಮತ. ಎರಡನೇ ಶತಮಾನದ ಆರಂಭದಲ್ಲೇ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಇದರ ವಿರುದ್ಧ ಪತ್ರಗಳಲ್ಲಿ ಗುಡುಗಿದ್ದಾರೆ. ಯೋಹಾನನ ಮೊದಲ ಪತ್ರ ಇನ್ನೂ ಖಾರ: ಕ್ರಿಸ್ತ ಶರೀರಧಾರಿಯಾಗಿ ಬಂದ ಎಂದು ಒಪ್ಪದ ಆತ್ಮ ದೇವರದ್ದಲ್ಲ.

ಗೇಮ್ ಆಡುವವನ ಕ್ಯಾರೆಕ್ಟರ್ ಸತ್ತರೆ ಅವನು ಚಹಾ ಕುಡಿದು ಇನ್ನೊಂದು ಆಟ ಶುರು ಮಾಡುತ್ತಾನೆ. ಸುವಾರ್ತೆಯಲ್ಲಿ ಎದ್ದುಬಂದವನು ಶಿಷ್ಯರ ಮುಂದೆ ಸುಟ್ಟ ಮೀನು ತಿನ್ನುತ್ತಾನೆ (ಲೂಕ 24), ಸಂಶಯಪಟ್ಟ ಶಿಷ್ಯ ತೋಮನಿಗೆ ಗಾಯ ಮುಟ್ಟು ಅನ್ನುತ್ತಾನೆ. 451ರ ಕಾಲ್ಸಿದೋನ್ ಮಹಾಸಭೆ ಹೇಳಿದ್ದು: ಪೂರ್ಣ ದೇವರು, ಪೂರ್ಣ ಮನುಷ್ಯ, ಒಬ್ಬನೇ ವ್ಯಕ್ತಿ. ಹೊರಗೆ ಒಬ್ಬ ಕೂತು ಒಳಗಿನ ಗೊಂಬೆಯನ್ನು ಆಡಿಸಿದ ಅಂತಲ್ಲ.

ಹುಬ್ಬಳ್ಳಿ_ಅಕ್ಕ:
ನಿಲ್ರಿ ನಿಲ್ರಿ. ಇಲ್ಲಿ ನೀವು ಒಂದು ಜಿಗಿದ್ರಿ. ನಮ್ಮ ಮಾಂಸ ರಕ್ತನ ಲೆಕ್ಕದಿಂದ ಆಗಿದ್ರ, ಆತನೂ ಅದ ಲೆಕ್ಕದ ಮಾಂಸ ರಕ್ತ ತಗೊಂಡ್ರ, ನಮಗಿರೂದನ್ನ ಆತ ತಗೊಂಡಂಗ ಆತಲ್ಲ? ಅಣು ಎದರಿಂದ ಆಗೈತಿ ಅಂತ ಇಗ್ನೇಷಿಯಸ್‌ಗ ಗೊತ್ತಿತ್ತೇನ್ರಿ? ಗೊತ್ತಿರ್ಲಿಲ್ಲ, ಆದ್ರೂ ದೇಹ ಖರೇ ಅಂದ್ರು. ಡೇವಿಡ್ ಚಾಮರ್ಸ್ ಅನ್ನೂ ತತ್ವಜ್ಞಾನಿನೂ ಅದನ್ನ ಹೇಳ್ತಾರ, ಸಿಮ್ಯುಲೇಶನ್ ಒಳಗಿನ ಮ್ಯಾಜು ಖರೇ ಮ್ಯಾಜ, ಅದು ಬಿಟ್‌ಗಳಿಂದ ಆಗೈತಿ ಅಷ್ಟ. ಒಳಗಿರೋರೆಲ್ಲಾ ಬಿಟ್ ಆಗಿ, ಆತನೊಬ್ಬನ ಬ್ಯಾರೆ ಆಗಿದ್ರ ಆವಾಗ ಡೋಸೆಟಿಸಮ್.

ನಿರೀಶ್ವರ:
ಅಕ್ಕನಿಗೆ ಒಂದು ಅಂಕ. ಅದೇ ಚಾಮರ್ಸ್, ಸಿಮ್ಯುಲೇಶನ್ ಮಾಡಿದವನು ಆರಾಧನೆಗೆ ಅರ್ಹ ಆಗಬೇಕಿಲ್ಲ ಅಂತಾನೂ ಬರೆದಿದ್ದಾರೆ, ಅದನ್ನ ಮಾತ್ರ ಬಿಟ್ರಿ.

ಪಾದ್ರಿಯಲ್ಲ:
ಅಕ್ಕನ ವಾದ ಗಟ್ಟಿ ಇದೆ. ಜಗತ್ತು ಏತರಿಂದ ಆಗಿದೆ ಅನ್ನುವುದರ ಬಗ್ಗೆ ಕ್ರೈಸ್ತ ವಿಶ್ವಾಸಕ್ಕೆ ದೊಡ್ಡ ಹಟ ಇಲ್ಲ. 1710ರಲ್ಲೇ ತತ್ವಜ್ಞಾನಿ ಜಾರ್ಜ್ ಬರ್ಕ್ಲಿ ಜಡವಸ್ತು ಅನ್ನುವುದೇ ಇಲ್ಲ, ಇರುವುದು ಮನಸ್ಸುಗಳು ಮತ್ತು ಅವು ಕಾಣುವುದು ಮಾತ್ರ ಅಂತ ಬರೆದರು. ಅವರನ್ನು ಚರ್ಚಿನಿಂದ ಹೊರಗೆ ಹಾಕಲಿಲ್ಲ, ಮುಂದೆ ಐರ್ಲೆಂಡಿನಲ್ಲಿ ಬಿಷಪ್ ಮಾಡಿದರು! ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಕಲ್ಲಿಗೆ ಒದ್ದು "ಇಗೋ ನನ್ನ ಖಂಡನೆ" ಅಂದದ್ದು ಬೇರೆ ಕತೆ.

ಹಾಗಾಗಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡೋಣ. 'ಜಗತ್ತು ಮೂಲದಲ್ಲಿ ಲೆಕ್ಕಾಚಾರ' ಅನ್ನುವುದು ಒಂದು. ಅದನ್ನು ನುಂಗಬಹುದು. ಆದರೆ ಬಾಸ್ಟ್ರಮ್ ಹೇಳುತ್ತಿರುವುದು ಅದಲ್ಲ. ಅವರದ್ದು ಪೂರ್ವಜರ ಸಿಮ್ಯುಲೇಶನ್. ಅಂದರೆ ಎಲ್ಲೋ ಒಂದು ಅಸಲಿ ಇತಿಹಾಸ ನಡೆದು ಮುಗಿದಿದೆ, ಅದರಲ್ಲಿದ್ದವರ ವಂಶಸ್ಥರು ತಮ್ಮ ಹಳೆಯ ಕಾಲವನ್ನು ಮತ್ತೆ ಓಡಿಸಿ ನೋಡುತ್ತಿದ್ದಾರೆ. ಈಗ ಯೋಚಿಸಿ. ಆ ಅಸಲಿ ಇತಿಹಾಸದಲ್ಲಿ ಯೇಸುವಿಗೆ ಮರಣದಂಡನೆ ಕೊಟ್ಟ ಒಬ್ಬ ಪೊಂತ್ಯ ಪಿಲಾತ ಇದ್ದ, ಶಿಲುಬೆ ನೆಟ್ಟ ಒಂದು ಗೊಲ್ಗೊಥಾ ಇತ್ತು. ನಮ್ಮ ಜಗತ್ತಿನದು ಅದರ ಪ್ರತಿ. ಇಂಥ ಪ್ರತಿಗಳು ಸಾವಿರಾರು ಇವೆ ಅನ್ನುವುದರ ಮೇಲೆಯೇ ಬಾಸ್ಟ್ರಮ್ ಅವರ ಸಂಭವನೀಯತೆಯ ಲೆಕ್ಕ ನಿಂತಿದೆ. ಹಾಗಾದರೆ ನಮ್ಮ ಶಿಲುಬೆ ಯಾವುದು? ದೇವರ ಮಗ ಸತ್ತದ್ದೋ, ಅಲ್ಲ ಅವನು ಸತ್ತದ್ದರ ಮರುಪ್ರದರ್ಶನವೋ?

ಇಬ್ರಿಯರಿಗೆ ಬರೆದ ಪತ್ರದ 9 ಮತ್ತು 10ನೇ ಅಧ್ಯಾಯ ಬಡಿದು ಬಡಿದು ಹೇಳುವುದು ಒಂದೇ: ಕ್ರಿಸ್ತನ ಬಲಿ ಒಂದೇ ಸಾರಿ, ಎಲ್ಲರಿಗಾಗಿ. ಯೆಹೂದ್ಯರ ಮಹಾಯಾಜಕ ಬಲಿ ಕೊಡುತ್ತಿದ್ದಂತೆ ವರ್ಷವರ್ಷವೂ ಅಲ್ಲ. ವಿಶ್ವಾಸ ಪ್ರಮಾಣದಲ್ಲಿ ಒಬ್ಬ ರೋಮನ್ ಅಧಿಕಾರಿಯ ಹೆಸರು ಕೂತಿರುವುದೂ ಈ ಕಾರಣಕ್ಕೇ, ಇದು ಒಂದು ಕಾಲದಲ್ಲಿ ಒಂದು ಜಾಗದಲ್ಲಿ ನಡೆದದ್ದು ಅಂತ. ಕೋಡರ್, ನಿಮಗೆ ಪೂಜೆಯಲ್ಲಿ ಚುಚ್ಚುವುದು ಇದೇ ಇರಬೇಕು. ಸಿಮ್ಯುಲೇಶನ್ ವಾದ ಎಡವುವುದು "ಸಕಲವನ್ನೂ ಸೃಷ್ಟಿಸಿದ" ಅನ್ನುವಲ್ಲಿ ಅಲ್ಲ, "ಪೊಂತ್ಯ ಪಿಲಾತನ ಕಾಲದಲ್ಲಿ" ಅನ್ನುವಲ್ಲಿ.

ಕರಾವಳಿ_ಕೋಡರ್:
ಹೌದು. ಇದೇ. ಕೋಡ್ ಭಾಷೆಯಲ್ಲಿ ಹೇಳೋದಾದ್ರೆ ನಾವು ಪ್ರೊಡಕ್ಷನ್ನಲ್ಲಿದ್ದೇವೋ (ಅಸಲಿ ಬಳಕೆಯ ವ್ಯವಸ್ಥೆ) ಟೆಸ್ಟ್ ಸರ್ವರಿನಲ್ಲೋ (ಪರೀಕ್ಷೆಯ ನಕಲು) ಅನ್ನೋದು.

ಮಲ್ನಾಡ್_ಮಳೆ:
ಪ್ರತಿಯಲ್ಲೂ ಪ್ರತಿಯೊಬ್ಬನಿಗೂ ಆತ್ಮ ಇದ್ರೆ ಪ್ರತಿಯೊಂದಕ್ಕೂ ಬೇರೆ ರಕ್ಷಕ ಬೇಡ್ವಾ? ಬೇರೆ ಗ್ರಹದಲ್ಲಿ ಜೀವಿಗಳಿದ್ರೆ ಅವರಿಗೆ ಯೇಸು ಬೇಕಾ ಅನ್ನೋ ಹಳೇ ಪ್ರಶ್ನೆ ಥರಾನೇ.

ಪಾದ್ರಿಯಲ್ಲ:
ಆತ್ಮ ಅಂದಿರಲ್ಲ, ಅದು ಇನ್ನೊಂದು ಗಂಟು. ಸರಿಯಾದ ಲೆಕ್ಕಾಚಾರ ಓಡಿದರೆ ಪ್ರಜ್ಞೆ ತಾನಾಗಿ ಬರುತ್ತದೆ, ಅದು ಮಿದುಳಾಗಲಿ ಸಿಲಿಕಾನ್ ಆಗಲಿ ಅನ್ನುವುದು ಬಾಸ್ಟ್ರಮ್ ಅವರ ಊಹೆ, ಅವರು ಅದನ್ನು ಮೊದಲೇ ಹೇಳಿಕೊಂಡಿದ್ದಾರೆ. ಕ್ಯಾಥೊಲಿಕ್ ಬೋಧನೆ ಪ್ರತಿ ಆತ್ಮವನ್ನೂ ದೇವರೇ ನೇರ ಸೃಷ್ಟಿಸುತ್ತಾನೆ ಅನ್ನುತ್ತದೆ. ಪೋಪ್ ಹನ್ನೆರಡನೇ ಪಿಯೂಸ್ 1950ರ ವಿಶ್ವಪತ್ರದಲ್ಲಿ, ದೇಹ ವಿಕಾಸದಿಂದ ಬಂದಿರಬಹುದೇ ಎಂದು ತಜ್ಞರು ಚರ್ಚಿಸಲಿ, ಆತ್ಮದ ವಿಷಯದಲ್ಲಿ ಮಾತ್ರ ರಾಜಿ ಇಲ್ಲ ಅಂದರು. ಹಾಗಾಗಿ ಯಾವ ಪ್ರೋಗ್ರಾಮರನೂ ಬಟನ್ ಒತ್ತಿ ಮನುಷ್ಯನನ್ನು ಮಾಡಲಾರ. ದೇವರು ಆ ಪ್ರೋಗ್ರಾಮಿನೊಳಗಿನವರಿಗೂ ಆತ್ಮ ಕೊಡಬಾರದು ಅಂತ ನಿಯಮ ಇಲ್ಲ, ನಿಜ.

ಹಂಪನಕಟ್ಟೆ_ಹಳಬ:
ನಾನು ಇಷ್ಟು ದೊಡ್ಡ ಓದು ಓದಿದವನಲ್ಲ. ಆದರೆ 2020ರ ಲಾಕ್‌ಡೌನಿನಲ್ಲಿ ಮೊಬೈಲಲ್ಲಿ ಪೂಜೆ ನೋಡಿದೆವು. ಪ್ರವಚನ ಕೇಳಿತು, ಹಾಡು ಕೇಳಿತು, ಪ್ರಸಾದ ಮಾತ್ರ ಸ್ಕ್ರೀನಿನಿಂದ ಬರಲಿಲ್ಲ. ನನ್ನ ಹೆಂಡತಿ ಇಗರ್ಜಿ ತೆರೆದ ದಿನ ಮೊದಲ ಸಾಲಿನಲ್ಲಿ ಹೋಗಿ ನಿಂತಳು. ಎಲ್ಲವೂ ಒಂದೇ ಸಿಮ್ಯುಲೇಶನ್ ಆಗಿದ್ದರೆ ಸ್ಕ್ರೀನಿನ ಪೂಜೆಗೂ ಎದುರಿನ ಪೂಜೆಗೂ ವ್ಯತ್ಯಾಸ ಎಂತ ಉಂಟು?

ಪಾದ್ರಿಯಲ್ಲ:
ನಿಮ್ಮ ಹೆಂಡತಿಯ ಪರವಾಗಿ ವ್ಯಾಟಿಕನ್ನೇ ಇದೆ. 2002ರಲ್ಲಿ ಇಂಟರ್ನೆಟ್ ಬಗ್ಗೆ ಅವರು ಹೊರಡಿಸಿದ ದಾಖಲೆಯಲ್ಲಿ, ಇಂಟರ್ನೆಟ್ಟಿನಲ್ಲಿ ಸಂಸ್ಕಾರಗಳಿಲ್ಲ (ಪ್ರಸಾದದಂಥ ಪವಿತ್ರ ವಿಧಿಗಳಿಲ್ಲ) ಅಂತ ನೇರವಾಗಿ ಬರೆದಿದ್ದಾರೆ.

ಹುಬ್ಬಳ್ಳಿ_ಅಕ್ಕ:
ಸ್ಕ್ರೀನ್ ಒಳಗಿನ ರೊಟ್ಟಿ ನಾವು ಇರೂ ಜಗತ್ತಿನ ರೊಟ್ಟಿ ಅಲ್ಲ. ಕೈಯಾಗಿರೂದು ಹೌದು. ಅದ ವ್ಯತ್ಯಾಸ. ಜಗತ್ತು ಏನಾದ್ರೂ ಆಗಿರ್ಲಿ, ಆ ವ್ಯತ್ಯಾಸ ಹಂಗ ಉಳೀತೈತಿ.

ಭೌತಶಾಸ್ತ್ರ_ಮೇಷ್ಟ್ರು:
ಮೋಸದ ಪ್ರಶ್ನೆ ಯಾರೂ ಎತ್ತಲಿಲ್ಲವಲ್ಲ. ಸಿಮ್ಯುಲೇಶನ್ ನಿನ್ನೆ ಬೆಳಿಗ್ಗೆ ಶುರುವಾಗಿರಬಹುದು, ನಮ್ಮ ನೆನಪು, ಪಳೆಯುಳಿಕೆ, ದೂರದ ನಕ್ಷತ್ರದ ಬೆಳಕು ಎಲ್ಲ ಮೊದಲೇ ತುಂಬಿ ಕೊಟ್ಟದ್ದು. 1857ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಧರ್ಮಶ್ರದ್ಧೆಯ ನಿಸರ್ಗವಿಜ್ಞಾನಿ ಇದನ್ನೇ ದೇವರ ಹೆಸರಿನಲ್ಲಿ ಹೇಳಿದ. ಭೂಮಿ ಹಳೆಯದಾಗಿ ಕಾಣುವಂತೆಯೇ ಸೃಷ್ಟಿಯಾಯಿತು, ಪಳೆಯುಳಿಕೆ ಸಮೇತ. ಅವನ ಸ್ನೇಹಿತ, ಪಾದ್ರಿ ಚಾರ್ಲ್ಸ್ ಕಿಂಗ್ಸ್ಲಿಯೇ ಅದನ್ನು ಒಪ್ಪಲಿಲ್ಲ, ದೇವರು ಬಂಡೆಗಳ ಮೇಲೆ ಸುಳ್ಳು ಬರೆದ ಅಂತ ನಾನು ನಂಬಲಾರೆ ಅಂದ. ಎಲ್ಲವನ್ನೂ ಸಂಶಯಿಸಿದ ತತ್ವಜ್ಞಾನಿ ದೆಕಾರ್ತ್ ಕೂಡ ದೇವರು ಮೋಸಗಾರನಲ್ಲ ಅನ್ನುವುದರ ಮೇಲೇ ಹೊರಜಗತ್ತು ನಿಜ ಅಂತ ಮತ್ತೆ ಒಪ್ಪಿಕೊಂಡದ್ದು. ನಿಮ್ಮ ಪ್ರೋಗ್ರಾಮರ್ ಮೋಸಗಾರ ಅಲ್ಲ ಅನ್ನಲು ಏನು ಆಧಾರ?

ಸುಮ್ನೆ_ಓದುಗ:
ನಿನ್ನೆ ಬೆಳಿಗ್ಗೆ ಶುರುವಾಗಿದ್ರೆ ಸಾಲ ತಗೊಂಡದ್ದು ನಾನಲ್ಲ ಅಂತ ಬ್ಯಾಂಕಿಗೆ ಬರೀತೀನಿ.

ಧಾರವಾಡ_ಮಂದಿ:
ಎಲ್ಲಾರೂ ಮೂರನೇ ಆಯ್ಕೆಗೆ ಜೋತುಬಿದ್ದೀರಿ. ಎರಡನೇದ್ದು ಯಾಕ ಬ್ಯಾಡ್ರಿ? ಅಷ್ಟು ಮುಂದುವರದ ಜನ, ಒಳಗಿದ್ದೋರಿಗೆ ಖರೇನ ನೋವಾಗ್ತೈತಿ ಅಂತ ಗೊತ್ತಿದ್ರ, ಬರಗಾಲ, ಪ್ಲೇಗು, ಯುದ್ಧ ಎಲ್ಲಾ ಇರೂ ಇತಿಹಾಸನ ಮತ್ತ ಮತ್ತ ಓಡಸ್ತಾರೇನು? ಮಾನಗೇಡಿಗಳು ಅಷ್ಟ ಓಡಸ್ತಾರ. ಮನುಷ್ಯ ಬೆಳದಂಗ ಬೆಳದಂಗ ಅಂಥಾದ್ದನ್ನ ನಿಷೇಧ ಮಾಡ್ತಾನ ಅಂತ ನಂಬೂದು ಕ್ರೈಸ್ತನಿಗೂ ಛಲೋ, ಬಾಸ್ಟ್ರಮ್ ಲೆಕ್ಕಕ್ಕೂ ಧಕ್ಕೆ ಇಲ್ಲ. ಮೂರನೇದ್ದು ತಾನಾಗಿ ಬಿದ್ದುಹೋಗ್ತೈತಿ.

ಕರಾವಳಿ_ಕೋಡರ್:
ಇದು ಚೆನ್ನಾಗಿದೆ!

ನಿರೀಶ್ವರ:
ಚೆನ್ನಾಗಿದೆ, ಆದರೆ ಆ ಕತ್ತಿ ಯಾರ ಕಡೆ ತಿರುಗಿದೆ ನೋಡಿದ್ರಾ? ಬರಗಾಲ ಪ್ಲೇಗು ಇರೋ ಜಗತ್ತನ್ನ ಗೊತ್ತಿದ್ದೂ ಓಡಿಸೋನು ಮಾನಗೇಡಿ ಅಂದ್ರಿ. ಪ್ರೋಗ್ರಾಮರಿಗೆ ಹಾಕಿದ ಅದೇ ಕೇಸು ನಿಮ್ಮ ದೇವರ ಮೇಲೆ ಯಾಕೆ ನಿಲ್ಲಲ್ಲ? ಪ್ರೋಗ್ರಾಮರಿಗಾದ್ರೂ ಬಜೆಟ್ ಮಿತಿ, ಬಗ್ ಅಂತ ನೆಪ ಇದೆ. ಸರ್ವಶಕ್ತನಿಗೆ ಅದೂ ಇಲ್ಲ.

ಧಾರವಾಡ_ಮಂದಿ:
ಇದಕ್ಕ ಉತ್ತರ ಪಾದ್ರಿಯಲ್ಲ ಅವರ ಕೊಡ್ಲಿ 😅

ಪಾದ್ರಿಯಲ್ಲ:
ಉತ್ತರ ಅಂತ ಹೇಳುವುದಿಲ್ಲ, ಬೈಬಲಿನಲ್ಲಿ ತಪ್ಪಿಲ್ಲದೆ ನರಳಿದ ಯೋಬನಿಗೇ ಸಿಗಲಿಲ್ಲ. ಒಂದು ವ್ಯತ್ಯಾಸ ಹೇಳಬಹುದು. ಪೂರ್ವಜರ ಸಿಮ್ಯುಲೇಶನ್ ಓಡಿಸುವವನಿಗೆ ಒಳಗಿನವರು ಮಾಹಿತಿ. ಪ್ಲೇಗಿನಲ್ಲಿ ಸತ್ತ ಮಗು ಅವನಿಗೆ ಒಂದು ಸಾಲು, ಫಲಿತಾಂಶ ಸಿಕ್ಕ ಮೇಲೆ ಅಳಿಸಿಹಾಕುವಂಥದ್ದು. ಕ್ರೈಸ್ತ ವಿಶ್ವಾಸದಲ್ಲಿ ಆ ಮಗುವನ್ನು ಅಳಿಸುವುದಿಲ್ಲ, ಎಬ್ಬಿಸಲಾಗುತ್ತದೆ. ಎಬ್ಬಿಸುವವನು ಆ ನೋವಿನೊಳಗೆ ತಾನೂ ಇಳಿದಿದ್ದ. ಇದು ನಿಜವಲ್ಲದಿದ್ದರೆ ನಿಮ್ಮ ಕೇಸು ಗೆದ್ದ ಹಾಗೆಯೇ. ಪೌಲನೂ ಕೊರಿಂಥದವರಿಗೆ ಅಷ್ಟೇ ನೇರವಾಗಿ ಬರೆದ, ಕ್ರಿಸ್ತ ಏಳದಿದ್ದರೆ ನಮ್ಮ ನಂಬಿಕೆ ವ್ಯರ್ಥ ಅಂತ.

ನಿರೀಶ್ವರ:
ಆಮೇಲೆ ಎಬ್ಬಿಸ್ತೀನಿ ಅಂತ ಹೇಳಿ ಈಗ ಕೊಲ್ಲೋದು ಸರಿಯಾಗಲ್ಲ. ಬ್ಯಾಕಪ್ ಇದೆ ಅಂತ ಯಾರಾದ್ರೂ ನಿಮ್ಮ ಲ್ಯಾಪ್‌ಟಾಪ್ ಒಡೆದ್ರೆ ಸುಮ್ನಿರ್ತೀರಾ?

ಹುಬ್ಬಳ್ಳಿ_ಅಕ್ಕ:
ಲ್ಯಾಪ್‌ಟಾಪಿಗೂ ಕೂಸಿಗೂ ಒಂದ ತಕ್ಕಡಿ ಹಿಡದ್ರಿ ನೋಡ್ರಿ, ಅಲ್ಲೇ ಸೋತ್ರಿ.

ನಿರೀಶ್ವರ:
ಹಾಗಾದ್ರೆ ಕೂಸಿನ ವಿಷಯದಲ್ಲಿ ಇನ್ನೂ ಕೆಟ್ಟದ್ದು ಅಂತಾಯ್ತಲ್ಲ ಅಕ್ಕಾ. ನನ್ನ ವಾದಾನೇ ಬಲ ಆಯ್ತು.

ರಥಬೀದಿ:
ಇಲ್ಲಿಗೆ ಕರ್ಮಸಿದ್ಧಾಂತ ತರಲೋ ಬೇಡವೋ ಅಂತ ನೋಡ್ತಾ ಇದ್ದೇನೆ.

ಪಾದ್ರಿಯಲ್ಲ:
ತನ್ನಿ ರಥಬೀದಿ, ಆದರೆ ಆ ಮಗು ಹಿಂದಿನ ಜನ್ಮದಲ್ಲಿ ಏನು ಮಾಡಿತ್ತು ಅಂತ ನಿರೀಶ್ವರರು ಕೇಳುವ ಮೊದಲು ನಾನೇ ಕೇಳುತ್ತೇನೆ.